ಲೋಯೊ: ಮರ ಬಿಟ್ಟು ಬದುಕದ ಅಣಬೆ

ಏಪ್ರಿಲ್ ತಿಂಗಳೆಂದರೆ ನಮ್ಮಲ್ಲಿ ನೆಲ ಕಾದು ಹೆಂಚಾಗಿರುವ ಕಾಲ. ಭೂಮಿಯ ದಕ್ಷಿಣಾರ್ಧದಲ್ಲಿ ಋತುಗಳು ತಿರುವುಮುರುವು. ಅಲ್ಲಿ ಅದೇ ತಿಂಗಳು ಎಲೆ ಉದುರುವ ಕಾಲ, ಬೇಸಿಗೆ ಮುಗಿದು ಮೊದಲ ಮಳೆಗಳು ಬೀಳುವ ಹೊತ್ತು. ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನಲ್ಲಿ ಉದ್ದನೆಯ ಪಟ್ಟಿಯಂತೆ ಚಾಚಿಕೊಂಡಿರುವ ಚಿಲಿ ದೇಶದ ದಕ್ಷಿಣ ಭಾಗದಲ್ಲಿ ಆ ಹೊತ್ತಿಗೆ ಹಳ್ಳಿಯ ಜನ ಬುಟ್ಟಿ ಹಿಡಿದು ಕಾಡಿಗೆ ಹೊರಡುತ್ತಾರೆ. ಮರದ ಬುಡದಲ್ಲಿ ದರಗು ಒಂದೆಡೆ ತುಸು ಉಬ್ಬಿದಂತೆ ಕಂಡರೆ ಅವರ ಕಣ್ಣು ಅಲ್ಲಿಯೇ ನಿಲ್ಲುತ್ತದೆ. ಎಲೆ ಸರಿಸಿದರೆ ಕೆಳಗೆ ಕಡುಗೆಂಪು ಬಣ್ಣದ, ಮುಟ್ಟಿದರೆ ಅಂಟುವ, ಮುಷ್ಟಿ ಗಾತ್ರದ ಒಂದು ಗುಂಡು. ಅದೇ ಲೋಯೊ.

ಬಿಟ್ಟರೆ ಈ ಗುಂಡು ಕೆಲವೇ ದಿನಗಳಲ್ಲಿ ಅರಳಿ ಊಟದ ತಟ್ಟೆಯಷ್ಟು ಅಗಲದ ಛತ್ರಿಯಾಗುತ್ತದೆ. ಬಿಡುವವರು ಕಡಿಮೆ. ಅಣಬೆ ತಿನ್ನುವವರಿಗೆಲ್ಲ ಗೊತ್ತಿರುವ ಸಂಗತಿ ಇದು. ಎಳೆಯದಕ್ಕೆ ರುಚಿ ಹೆಚ್ಚು, ಬಲಿತದ್ದಕ್ಕೆ ಹುಳ ಹೆಚ್ಚು. ಅಳಿವಿನ ಅಂಚಿಗೆ ಬಂದಿರುವ ಜೀವಿಗಳ ಜಾಗತಿಕ ಕೆಂಪು ಪಟ್ಟಿಯಲ್ಲಿ ಲೋಯೊ ಇಂದು ‘ಅಪಾಯದಲ್ಲಿದೆ’ ಎಂಬ ಶೀರ್ಷಿಕೆಯ ಕೆಳಗೆ ಕುಳಿತಿದೆ. ಹುಲಿ ಇರುವ ದರ್ಜೆಯೂ ಅದೇ. ಒಂದು ಅಣಬೆಯನ್ನು ಹುಲಿಯ ಪಕ್ಕದಲ್ಲಿ ಕೂರಿಸುವುದು ಕೆಲವರಿಗೆ ನಗೆ ತರಿಸಬಹುದು. ಆದರೆ ಅದು ಅಲ್ಲಿಗೆ ಹೇಗೆ ಬಂತು ಎಂಬ ಕಥೆಯಲ್ಲಿ ಒಂದು ದೇಶದ ನೂರೈವತ್ತು ವರ್ಷಗಳ ಚರಿತ್ರೆ ಅಡಗಿದೆ.

ಮೊದಲು ಅಣಬೆಯ ಕುಲಗೋತ್ರದ ಬಗ್ಗೆ ಎರಡು ಮಾತು. ನಾಯಿಕೊಡೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಛತ್ರಿಯ ಕೆಳಗೆ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುವ ಅಣಬೆ. ಮಲೆನಾಡಿನ ಹೆಗ್ಗಾಲಣಬೆ, ಹುತ್ತದ ಮೇಲೆ ಏಳುವ ಇತರ ಅಣಬೆಗಳು, ಪೇಟೆಯ ಬಟನ್ ಅಣಬೆ ಎಲ್ಲವೂ ಹೀಗೆಯೇ. ‘ಬೊಲೀಟ್’ ಎಂಬ ಗುಂಪಿನ ಅಣಬೆಗಳಲ್ಲಿ ಈ ಹಾಳೆಗಳಿಲ್ಲ. ಛತ್ರಿ ಮಗುಚಿ ನೋಡಿದರೆ ಸ್ಪಂಜಿನಂತೆ ಸಣ್ಣ ಸಣ್ಣ ತೂತುಗಳು. ಪ್ರತಿ ತೂತೂ ಒಂದು ಕೊಳವೆಯ ಬಾಯಿ. ಆ ಕೊಳವೆಗಳ ಒಳಗೋಡೆಯಲ್ಲಿ ಬೀಜಕಣಗಳು ಬೆಳೆದು ಕೆಳಗೆ ಉದುರುತ್ತವೆ. ಕಾಲು ದಪ್ಪ, ತಿರುಳು ಗಟ್ಟಿ. ಈ ಗುಂಪಿನ ಹಲವು ಅಣಬೆಗಳನ್ನು ಕೊಯ್ದರೆ ಹಳದಿ ತಿರುಳು ನೋಡನೋಡುತ್ತಿದ್ದಂತೆ ನೀಲಿಯಾಗುತ್ತದೆ. ವಿಷವೆಂದು ಹೆದರುವವರಿದ್ದಾರೆ. ತಿರುಳಿನಲ್ಲಿರುವ ಕೆಲವು ಬಣ್ಣದ ಆಮ್ಲಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿದಾಗ ಆಗುವ ಬದಲಾವಣೆ ಅದು, ವಿಷಕ್ಕೂ ಅದಕ್ಕೂ ಸಂಬಂಧವಿಲ್ಲ. ಇಟಲಿಯವರು ಪ್ರಾಣ ಬಿಡುವ ‘ಪೊರ್ಚಿನಿ’ ಈ ಕುಲದ್ದೇ. ಆ ಹೆಸರಿಗೆ ಹಂದಿಮರಿಗಳು ಎಂದರ್ಥ; ದರಗಿನ ನಡುವೆ ದುಂಡಗೆ ಕುಳಿತಿರುವುದನ್ನು ಕಂಡವರು ಹೆಸರು ಸರಿಯಾಗಿದೆ ಎನ್ನುತ್ತಾರೆ.

ಲೋಯೊ ಎಂಬುದು ಮಪುಚೆ ಜನರ ಮಾತು. ಮಪುಚೆಯರು ಚಿಲಿಯ ಮೂಲ ನಿವಾಸಿಗಳಲ್ಲಿ ಅತಿ ದೊಡ್ಡ ಸಮುದಾಯ. 2017ರ ಜನಗಣತಿಯಲ್ಲಿ ಸುಮಾರು 17 ಲಕ್ಷ ಜನ ತಮ್ಮನ್ನು ಮಪುಚೆಗಳೆಂದು ಬರೆಸಿದ್ದಾರೆ. ಅವರ ಭಾಷೆಯಲ್ಲಿ ಮಪು ಎಂದರೆ ನೆಲ, ಚೆ ಎಂದರೆ ಜನ. ಒಟ್ಟಿನಲ್ಲಿ ‘ನೆಲದ ಮಕ್ಕಳು’. ಅಣಬೆಗೆ ಶಾಸ್ತ್ರೀಯ ಹೆಸರಿಡುವಾಗ ವಿಜ್ಞಾನಿಗಳು ಈ ಜನರ ಮಾತನ್ನು ಹಾಗೆಯೇ ಉಳಿಸಿಕೊಂಡರು. ಬಹುಕಾಲ ಅದು ‘ಬೊಲೀಟಸ್ ಲೋಯೊ’ ಎಂದಿತ್ತು. ಈಚೆಗೆ ‘ಬ್ಯುಟಿರಿಬೊಲೀಟಸ್’ ಎಂಬ ಹೊಸ ಪಂಗಡಕ್ಕೆ ಸೇರಿತು. ಮನೆ ಬದಲಾಯಿತು, ಲೋಯೊ ಎಂಬ ಹೆಸರು ಮಾತ್ರ ಜೊತೆಯಲ್ಲೇ ಹೋಯಿತು. ಈ ನಾಮಕರಣದೊಂದಿಗೆ ಅಂಟಿಕೊಂಡಿರುವ ಇನ್ನೊಂದು ಹೆಸರು ರೊಡೊಲ್ಫೊ ಅಮಾಂಡೊ ಫಿಲಿಪ್ಪಿಯವರದು. ಜರ್ಮನಿಯಲ್ಲಿ ಹುಟ್ಟಿ, 1851ರಲ್ಲಿ ಚಿಲಿಗೆ ಬಂದು, ಸಾಂಟಿಯಾಗೊ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ದಶಕಗಳ ಕಾಲ ನಡೆಸಿದ ಪ್ರಕೃತಿ ವಿಜ್ಞಾನಿ ಅವರು.

ಇನ್ನು ಮರದ ವಿಷಯ. ಲೋಯೊ ಎಲ್ಲೆಂದರಲ್ಲಿ ಏಳುವ ಅಣಬೆಯಲ್ಲ. ನೊಥೊಫೇಗಸ್ ಎಂಬ ಜಾತಿಯ ಮರಗಳ ಕೆಳಗೆ ಮಾತ್ರ ಅದರ ವಾಸ. ಚಿಲಿಯಲ್ಲಿ ಈ ಜಾತಿಯ ಹಲವು ಬಗೆಗಳಿವೆ: ರೋಬ್ಲೆ, ಕೊಯಿಗುವೆ, ರೌಲಿ ಮುಂತಾಗಿ. ‘ರೋಬ್ಲೆ’ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಓಕ್. ಓಕ್ ಮರವೇ ಇಲ್ಲದ ನಾಡಿಗೆ ಬಂದಿಳಿದ ಸ್ಪೇನಿನವರು ತಮ್ಮೂರಿನ ಮರದ ನೆನಪಿನಲ್ಲಿ ಇಟ್ಟ ಹೆಸರು ಅದು. ಈ ಮರಗಳ ಬಂಧುಗಳು ಇಂದು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ನ್ಯೂಗಿನಿಗಳಲ್ಲಿದ್ದಾರೆ. ಅಂಟಾರ್ಕ್ಟಿಕಾದ ಮಂಜಿನಡಿಯ ಕಲ್ಲುಗಳಲ್ಲಿ ಇವುಗಳ ಪರಾಗದ ಪಳೆಯುಳಿಕೆ ಸಿಕ್ಕಿದೆ. ಆ ಭೂಭಾಗಗಳೆಲ್ಲ ಗೊಂಡ್ವಾನ ಎಂಬ ಒಂದೇ ಮಹಾಖಂಡವಾಗಿದ್ದ ಕಾಲದ ನೆಂಟಸ್ತಿಕೆ ಇದು.

ಮರಕ್ಕೂ ಅಣಬೆಗೂ ಇರುವ ನಂಟು ನೆಲದ ಕೆಳಗಿನದು. ಮೇಲೆ ಕಾಣುವ ಅಣಬೆ, ಮಾವಿನ ಮರಕ್ಕೆ ಮಾವಿನ ಹಣ್ಣು ಹೇಗೋ ಹಾಗೆ. ಅದು ಫಲ ಮಾತ್ರ. ಅಸಲು ಜೀವಿ ಮಣ್ಣಿನೊಳಗೆ ಕೂದಲಿಗಿಂತ ತೆಳುವಾದ ಬಿಳಿ ಎಳೆಗಳ ಬಲೆಯಾಗಿ ಹರಡಿರುತ್ತದೆ. ಈ ಎಳೆಗಳು ಮರದ ಎಳೆಬೇರಿನ ತುದಿಗೆ ಗವಸು ತೊಡಿಸಿದಂತೆ ಸುತ್ತಿಕೊಳ್ಳುತ್ತವೆ. ಬೇರು ತಲುಪಲಾರದ ಸಂದುಗೊಂದಿಗಳಿಂದ ನೀರು, ರಂಜಕ, ಸಾರಜನಕವನ್ನು ತಂದು ಮರಕ್ಕೆ ಕೊಡುತ್ತವೆ. ಬಿಸಿಲಿನಲ್ಲಿ ಎಲೆಗಳು ಮಾಡಿದ ಸಕ್ಕರೆಯಲ್ಲಿ ಒಂದು ಪಾಲನ್ನು ಮರ ಬೇರಿನ ಮೂಲಕ ಇವಕ್ಕೆ ಇಳಿಸುತ್ತದೆ. 1885ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನಾರ್ಡ್ ಫ್ರಾಂಕ್ ಈ ಜೋಡಿಗೆ ‘ಮೈಕೊರೈಜಾ’, ಅಂದರೆ ಅಣಬೆಬೇರು ಎಂದು ಹೆಸರಿಟ್ಟರು. ಅವರು ಹೊರಟದ್ದು ಬೇರೆಯದೇ ಕೆಲಸಕ್ಕೆ. ನೆಲದೊಳಗೆ ಬೆಳೆಯುವ, ಚಿನ್ನದ ಬೆಲೆಯ ಟ್ರಫಲ್ ಅಣಬೆಯನ್ನು ಬೇಸಾಯ ಮಾಡಲು ಬರುತ್ತದೆಯೇ ನೋಡಿ ಎಂದು ಪ್ರಷ್ಯಾ ಸರ್ಕಾರ ಅವರನ್ನು ಕೇಳಿತ್ತು. ಸರ್ಕಾರಕ್ಕೆ ಟ್ರಫಲ್ ತೋಟ ಸಿಗಲಿಲ್ಲ, ವಿಜ್ಞಾನಕ್ಕೆ ಕಾಡಿನ ಗುಟ್ಟು ಸಿಕ್ಕಿತು.

ಈ ನಂಟಿನಿಂದಾಗಿಯೇ ಲೋಯೊವನ್ನು ಬಟನ್ ಅಣಬೆಯಂತೆ ಗೊಬ್ಬರದ ತಟ್ಟೆಯಲ್ಲಿ, ಚಿಪ್ಪಣಬೆಯಂತೆ ಒಣಹುಲ್ಲಿನ ಚೀಲದಲ್ಲಿ ಬೆಳೆಯಲು ಬರುವುದಿಲ್ಲ. ಅವೆರಡೂ ಕೊಳೆತದ್ದನ್ನು ತಿಂದು ಬದುಕುವ ಜಾತಿಗಳು. ಲೋಯೊ ತಿನ್ನುವುದು ಜೀವಂತ ಮರ ಕೊಡುವ ಸಕ್ಕರೆಯನ್ನು. ಮರ ಬಿದ್ದ ದಿನ ಅದರ ಊಟವೂ ನಿಂತಿತು.

ದಕ್ಷಿಣ ಚಿಲಿಯ ಊಟದಲ್ಲಿ ಅಣಬೆಗೆ ಹಳೆಯ ಸ್ಥಾನವಿದೆ. ಅಣಬೆ ಕಂಡರೆ ಮೂಗು ಮುರಿಯುವ ಇಂಗ್ಲಿಷರ ನಾಡಿನಿಂದ ಬಂದ ತರುಣ ಚಾರ್ಲ್ಸ್ ಡಾರ್ವಿನ್‌ಗೆ ಇದು ಅಚ್ಚರಿ ತಂದಿತ್ತು. ಬೀಗಲ್ ಹಡಗಿನಲ್ಲಿ 1830ರ ದಶಕದ ಆರಂಭದಲ್ಲಿ ಅವರು ಖಂಡದ ತೀರಾ ದಕ್ಷಿಣ ತುದಿಯ ತಿಯೆರಾ ದೆಲ್ ಫ್ಯುಗೊ ದ್ವೀಪಗಳಿಗೆ ಬಂದಾಗ, ಅಲ್ಲಿನ ಜನ ನೊಥೊಫೇಗಸ್ ಮರದ ಕೊಂಬೆಗಳ ಮೇಲೆ ಗೊಂಚಲಾಗಿ ಬೆಳೆಯುವ ಹಳದಿ ಬಣ್ಣದ ದುಂಡು ಅಣಬೆಯನ್ನು ಬೇಯಿಸದೆ ಹಾಗೆಯೇ ತಿನ್ನುವುದನ್ನು ಕಂಡರು. ಅಣಬೆಯನ್ನು ಮುಖ್ಯ ಆಹಾರವಾಗಿ ಉಳ್ಳ ನಾಡು ತಾವು ಕಂಡಂತೆ ಇದೊಂದೇ ಎಂದು ಬರೆದಿಟ್ಟರು. ಆ ಅಣಬೆಗೆ ಮುಂದೆ ಅವರದೇ ಹೆಸರು ಬಂತು: ಸಿಟೇರಿಯಾ ಡಾರ್ವಿನಿಯೈ. ಅದರ ಸೋದರ ಜಾತಿಯಾದ ‘ದಿಗುವೆಞೆ’ ಮಪುಚೆ ನಾಡಿನಲ್ಲಿ ವಸಂತದ ತಿನಿಸು. ಸೆಪ್ಟೆಂಬರ್ ಬಂತೆಂದರೆ ಟೆಮುಕೊ ನಗರದ ಸಂತೆಯಲ್ಲಿ ಕಿತ್ತಳೆ ಬಣ್ಣದ ದಿಗುವೆಞೆ ರಾಶಿ. ಎಲೆ ಉದುರುವ ಕಾಲಕ್ಕೆ ಹವಳದ ಗಿಡದಂತೆ ಕವಲೊಡೆದ ‘ಚಾಂಗ್ಲೆ’, ಮರದ ಬೊಡ್ಡೆಗೆ ಅಂಟಿ ಬೆಳೆಯುವ ‘ಗರ್ಗಲ್’. ಇವೆಲ್ಲದರ ನಡುವೆ ಗಾತ್ರದಲ್ಲೂ ಬೆಲೆಯಲ್ಲೂ ಹಿರಿಯ ಲೋಯೊ. ಕೆಂಡದ ಮೇಲೆ ಸುಟ್ಟು, ಉಪ್ಪು ಮತ್ತು ‘ಮೆರ್ಕೆನ್’ ಎಂಬ ಹೊಗೆಯಾಡಿಸಿದ ಮೆಣಸಿನ ಪುಡಿ ಉದುರಿಸಿ ತಿನ್ನುವುದುಂಟು. ಕಡುಬಿನಂಥ ಎಂಪನಾಡಕ್ಕೆ ಹೂರಣವಾಗಿ ಹಾಕುವುದೂ ಉಂಟು.

ಟೆಮುಕೊ ಎಂದಾಗ ಕನ್ನಡದ ಓದುಗರಿಗೆ ಒಂದು ಹೆಸರು ನೆನಪಾಗಬೇಕು. ಕವಿ ಪಾಬ್ಲೊ ನೆರೂಡ ಬಾಲ್ಯ ಕಳೆದದ್ದು ಇಲ್ಲಿಯೇ. ಅವರ ತಂದೆ ರೈಲ್ವೆ ನೌಕರರು, ಹಳಿಗಳ ನಡುವೆ ಜಲ್ಲಿ ಸುರಿಯುವ ಗಾಡಿಯ ಮೇಲಿನ ಕೆಲಸ. ಆ ಬಾಲ್ಯದ ಮಳೆ, ಮರದ ವಾಸನೆ, ಕಾಡು ನೆರೂಡರ ಬರವಣಿಗೆಯನ್ನು ಕೊನೆಯವರೆಗೂ ಬಿಡಲಿಲ್ಲ. ಆದರೆ ಆ ರೈಲು ಅಲ್ಲಿಗೆ ಬಂದದ್ದು ಹೇಗೆ ಎಂಬುದು ಕವಿತೆಯಷ್ಟು ಸುಂದರವಾದ ವಿಷಯವಲ್ಲ.

ಸ್ಪೇನಿನ ಸಾಮ್ರಾಜ್ಯ ಮುನ್ನೂರು ವರ್ಷಗಳಲ್ಲಿ ಮಪುಚೆಗಳನ್ನು ಪೂರ್ತಿ ಗೆಲ್ಲಲಾಗಲಿಲ್ಲ. ಬಿಯೊಬಿಯೊ ನದಿಯ ದಕ್ಷಿಣಕ್ಕೆ ಅವರದೇ ನಾಡು ಉಳಿದಿತ್ತು. ಸ್ವತಂತ್ರ ಚಿಲಿ ಗಣರಾಜ್ಯದ ಸೇನೆ 1861ರಿಂದ 1883ರವರೆಗೆ ಹಂತ ಹಂತವಾಗಿ ಆ ನಾಡನ್ನು ವಶಪಡಿಸಿಕೊಂಡಿತು. ಮುಂದಿನ ನಾಲ್ಕು ದಶಕಗಳಲ್ಲಿ ಮಪುಚೆಗಳಿಗೆ ಹಕ್ಕುಪತ್ರ ಮಾಡಿಕೊಟ್ಟ ನೆಲ ಒಟ್ಟು ಸುಮಾರು 5 ಲಕ್ಷ ಹೆಕ್ಟೇರ್. ಅವರ ಹಿಂದಿನ ನಾಡಿನ ಒಂದು ಸಣ್ಣ ತುಣುಕು. ಉಳಿದದ್ದು ವಲಸೆಗಾರರಿಗೆ, ಹರಾಜಿಗೆ. ವಲಸೆ ಬಂದವರಿಗೆ ಬೇಕಾದದ್ದು ಗೋಧಿಯ ಹೊಲ. ಅದಕ್ಕೆ ಅಡ್ಡವಾಗಿದ್ದದ್ದು ಕಾಡು, ಅದನ್ನು ತೆಗೆಯಲು ಅಗ್ಗದ ದಾರಿ ಬೆಂಕಿ. ಇನ್ನೂ ದಕ್ಷಿಣದ ಯಾಂಕಿಹುವೆ ಸರೋವರದ ಸುತ್ತ ಜರ್ಮನ್ ವಲಸೆಗಾರರನ್ನು ನೆಲೆಗೊಳಿಸಲು ಸರ್ಕಾರದ ಪ್ರತಿನಿಧಿ ವಿಸೆಂಟೆ ಪೆರೆಸ್ ರೊಸಾಲೆಸ್ 1850ರ ದಶಕದಲ್ಲೇ ಹೀಗೆ ಕಾಡಿಗೆ ಬೆಂಕಿ ಇಡಿಸಿದ್ದರು. ತಿಂಗಳುಗಟ್ಟಲೆ ಉರಿದ ಆ ಬೆಂಕಿಯ ವಿವರವನ್ನು ತಮ್ಮ ನೆನಪಿನ ಪುಸ್ತಕದಲ್ಲಿ ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಸುಡದೆ ಉಳಿದ ರೋಬ್ಲೆ ಮರಗಳು ರೈಲು ಹಳಿಗಳಡಿಯ ದಿಮ್ಮಿಗಳಾದವು, ಸೇತುವೆಯ ಕಂಬಗಳಾದವು.

ಇಷ್ಟಾದರೂ ಕಣಿವೆಗಳಲ್ಲಿ, ಹೊಲಗಳ ಅಂಚಿನಲ್ಲಿ, ಮಪುಚೆಗಳ ಉಳಿದ ನೆಲದಲ್ಲಿ ಕಾಡಿನ ತುಂಡುಗಳಿದ್ದವು. ಅವುಗಳ ಜೊತೆಗೆ ಲೋಯೊ ಕೂಡ ಇತ್ತು. ಎರಡನೆಯ ಪೆಟ್ಟು ಬಿದ್ದದ್ದು 1974ರಲ್ಲಿ. ಹಿಂದಿನ ವರ್ಷ ಅಧಿಕಾರ ಕಿತ್ತುಕೊಂಡಿದ್ದ ಜನರಲ್ ಪಿನೊಶೆಯ ಸೇನಾ ಸರ್ಕಾರ 701ನೇ ಸಂಖ್ಯೆಯ ಆಜ್ಞೆ ಹೊರಡಿಸಿತು. ಮರ ನೆಡುವ ಖರ್ಚಿನ ಮುಕ್ಕಾಲು ಪಾಲನ್ನು ಸರ್ಕಾರವೇ ಕೊಡುತ್ತದೆ ಎಂಬುದು ಅದರ ಸಾರ. ಕೇಳಲು ಒಳ್ಳೆಯ ಕಾನೂನು. ನೆಟ್ಟದ್ದು ಮಾತ್ರ ಕ್ಯಾಲಿಫೋರ್ನಿಯಾದಿಂದ ತಂದ ರೇಡಿಯೇಟಾ ಪೈನ್ ಮತ್ತು ಆಸ್ಟ್ರೇಲಿಯಾದ ನೀಲಗಿರಿ. ಹಣ ಹೋದದ್ದು ಬಹುಪಾಲು ದೊಡ್ಡ ಕಂಪನಿಗಳಿಗೆ. ಬರಡು ನೆಲಕ್ಕೆ ಹಸಿರು ಹೊದಿಸುವ ಹೆಸರಿನಲ್ಲಿ ಎಷ್ಟೋ ಕಡೆ ಇದ್ದ ನೊಥೊಫೇಗಸ್ ಕಾಡನ್ನೇ ತೆಗೆದು ಪೈನ್ ಹಚ್ಚಿದರು. ಇಂದು ಚಿಲಿಯಲ್ಲಿ ಇಂಥ ನೆಡುತೋಪು 20 ಲಕ್ಷ ಹೆಕ್ಟೇರಿಗೂ ಹೆಚ್ಚು. ತಮ್ಮ ಹಿರಿಯರ ನೆಲವೆಂದು ಮಪುಚೆಗಳು ಕೇಳುತ್ತಿರುವ ಜಾಗಗಳಲ್ಲಿ ಎಷ್ಟೋ ಈ ತೋಪುಗಳ ಅಡಿಯಲ್ಲಿವೆ. ಅಲ್ಲಿನ ಜಗಳ ಇಂದಿಗೂ ಆರಿಲ್ಲ.

ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಗೋಮಾಳದಲ್ಲಿ ಕಾರ್ಖಾನೆಗಾಗಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಜಾಗದಲ್ಲಿ ಜನರಿಗೆ ಬೇಕಾದ ಗಿಡ ಹಚ್ಚಿದ 1987ರ ನವೆಂಬರ್‌ನ ಕುಸನೂರು ಸತ್ಯಾಗ್ರಹ ಹಲವರಿಗೆ ನೆನಪಿರಬಹುದು. ‘ಕಿತ್ತಿಕೊ ಹಚ್ಚಿಕೊ’ ಎಂಬ ಹೆಸರು ಬಂದದ್ದು ಅದಕ್ಕೇ. ಮರ ಇದ್ದ ಮಾತ್ರಕ್ಕೆ ಕಾಡಲ್ಲ ಎಂಬ ಅದೇ ವಾದ ಚಿಲಿಯಲ್ಲೂ ನಡೆಯುತ್ತಿದೆ.

ಪೈನ್ ಮರದ ಕಥೆಯಲ್ಲಿ ಒಂದು ವಿಚಿತ್ರವಿದೆ. ಪೈನ್ ಮರಕ್ಕೂ ಅಣಬೆಬೇರು ಬೇಕು. ದಕ್ಷಿಣಾರ್ಧ ಗೋಳದ ಹಲವೆಡೆ ಆರಂಭದಲ್ಲಿ ನೆಟ್ಟ ಪೈನ್ ಸಸಿಗಳು ಹಳದಿ ತಿರುಗಿ ಸೊರಗಿದ್ದು, ಬೆಳೆದ ಪೈನ್ ತೋಪಿನ ಮಣ್ಣು ತಂದು ಸೇರಿಸಿದ ಮೇಲೆಯೇ ಚಿಗುರಿದ್ದು ಇದೇ ಕಾರಣದಿಂದ. ಹಾಗೆ ಸಸಿಯ ಬೇರಿನ ಜೊತೆ ಚಿಲಿಗೆ ವಲಸೆ ಬಂದದ್ದು ‘ಸುಯಿಲಸ್’ ಎಂಬ ಅಣಬೆ. ಅದೂ ಬೊಲೀಟ್ ಬಳಗದ್ದೇ, ಲೋಯೊಗೆ ದೂರದ ದಾಯಾದಿ. ಪೈನ್ ತೋಪುಗಳಲ್ಲಿ ಅದು ಯಥೇಚ್ಛವಾಗಿ ಏಳುತ್ತದೆ. ಹಳ್ಳಿಯವರು ಕೊಯ್ದು ಒಣಗಿಸಿ ಮಾರುತ್ತಾರೆ, ಒಣಗಿದ್ದು ಮೂಟೆ ಮೂಟೆಯಾಗಿ ಹೊರದೇಶಗಳಿಗೆ ಹೋಗುತ್ತದೆ. ಒಂದು ಅಣಬೆ ತನ್ನ ಮರದೊಂದಿಗೆ ಬಂದು ಸುಖವಾಗಿದೆ, ಇನ್ನೊಂದು ತನ್ನ ಮರದೊಂದಿಗೆ ಹೋಗುತ್ತಿದೆ. ಬೊಲೀಟ್‌ಗಳು ಅಪಾಯದಲ್ಲಿವೆ ಎಂದು ಒಟ್ಟಾರೆ ಹೇಳಿದರೆ ತಪ್ಪಾಗುತ್ತದೆ. ಯಾವ ಮರದ ಬೊಲೀಟ್ ಎಂದು ಕೇಳಬೇಕು.

ಈಗ ಕೊಯ್ಯುವವರ ಪ್ರಶ್ನೆಗೆ ಬರೋಣ. ಲೋಯೊ ಕಡಿಮೆಯಾಗಲು ಜನ ಅದನ್ನು ಎಳೆಯದಾಗಿರುವಾಗಲೇ ಕೀಳುವುದೂ ಕಾರಣವೆಂದು ತಜ್ಞರು ಹೇಳುತ್ತಾರೆ. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಅಣಬೆ ಕೀಳುವುದರಿಂದ ಅಣಬೆ ನಾಶವಾಗುತ್ತದೆ ಎಂಬ ಸರಳ ಮಾತೂ ನಿಲ್ಲುವುದಿಲ್ಲ. ಸ್ವಿಟ್ಜರ್ಲೆಂಡಿನ ಸಂಶೋಧಕರು ಲಾ ಶಾನೆಯಾ ಎಂಬಲ್ಲಿನ ಕಾಡಿನಲ್ಲಿ 1975ರಿಂದ 2003ರವರೆಗೆ ಒಂದು ಪ್ರಯೋಗ ನಡೆಸಿದರು. ಕೆಲವು ತುಂಡು ಜಾಗಗಳಲ್ಲಿ ಎದ್ದ ಅಣಬೆಯನ್ನೆಲ್ಲ ಕಿತ್ತರು, ಕೆಲವು ಕಡೆ ಚಾಕುವಿನಿಂದ ಕೊಯ್ದರು, ಕೆಲವನ್ನು ಮುಟ್ಟಲಿಲ್ಲ. 2006ರಲ್ಲಿ ಪ್ರಕಟವಾದ ಫಲಿತಾಂಶ ಅವರನ್ನೇ ಬೆರಗುಗೊಳಿಸಿರಬೇಕು: ಕಿತ್ತ ಜಾಗದಲ್ಲಿ ಫಸಲು ಕಡಿಮೆಯಾಗಿರಲಿಲ್ಲ, ಜಾತಿಗಳೂ ಕಡಿಮೆಯಾಗಿರಲಿಲ್ಲ. ಕಡಿಮೆಯಾದದ್ದು ಜನ ಓಡಾಡಿ ತುಳಿದ ಜಾಗದಲ್ಲಿ. ಹಣ್ಣು ಕಿತ್ತರೆ ಮರ ಸಾಯುವುದಿಲ್ಲ, ಬೇರು ತುಳಿದರೆ ಕಷ್ಟ ಎಂಬುದಕ್ಕೆ ಹೋಲುವ ಮಾತು.

ಹಾಗಾದರೆ ಲೋಯೊ ಕೊಯ್ಯುವುದು ನಿರಪಾಯವೇ? ಅಷ್ಟು ಸಲೀಸಾಗಿ ಹೇಳಲಾಗದು. ಸ್ವಿಸ್ ಕಾಡು ಸುತ್ತಲೂ ಕಾಡಿರುವ ನಾಡಿನದು. ಕಿತ್ತ ಜಾಗಕ್ಕೆ ಪಕ್ಕದಿಂದ ಬೀಜಕಣ ಗಾಳಿಯಲ್ಲಿ ತೇಲಿ ಬರುತ್ತದೆ. ಲೋಯೊ ಉಳಿದಿರುವುದು ಪೈನ್ ಸಮುದ್ರದ ನಡುವಿನ ದ್ವೀಪಗಳಲ್ಲಿ. ಆ ದ್ವೀಪಗಳಿಗೆ ಊರವರೂ, ಪೇಟೆಗೆ ಮಾರುವವರೂ, ಹೆದ್ದಾರಿ ಬದಿಯಲ್ಲಿ ರಾಶಿ ಹಾಕುವವರೂ ಒಟ್ಟಿಗೆ ಬರುತ್ತಾರೆ. ಕುಂಟೆಯಿಂದ ದರಗು ಎಳೆದು ಹುಡುಕುತ್ತಾರೆ. ಮೇಲಿನ ತೇವ ಆರುತ್ತದೆ, ಎಳೆಗಳ ಬಲೆ ಹರಿಯುತ್ತದೆ. ವರ್ಷದಿಂದ ವರ್ಷಕ್ಕೆ ಒಂದೂ ಅಣಬೆ ಅರಳದೆ ಹೋದರೆ, ಪಕ್ಕದಲ್ಲಿ ಹುಟ್ಟಿದ ರೋಬ್ಲೆ ಸಸಿಗೆ, ಆಚೆ ದಿಬ್ಬದ ಮೇಲೆ ಹೊಸದಾಗಿ ಎದ್ದ ಮರಕ್ಕೆ ಲೋಯೊ ತಲುಪುವ ದಾರಿ ಮುಚ್ಚುತ್ತದೆ. ಕಾಡು ಹಿರಿದಾಗಿದ್ದಾಗ ಇದೇ ಕೊಯ್ಲು ಹೊರೆಯಾಗಿರಲಿಲ್ಲ. ಶತಮಾನಗಳಿಂದ ತಿಂದವರು ಅವರೇ, ತಿಂದು ಮುಗಿಸಿರಲಿಲ್ಲ. ಕಾಡು ಕಿರಿದಾದ ಮೇಲೆ ಅದೇ ಬುಟ್ಟಿ ಭಾರವಾಯಿತು. ಅಪರಾಧಿಯನ್ನು ಹುಡುಕುವವರಿಗೆ ಬುಟ್ಟಿ ಹಿಡಿದ ಅಜ್ಜಿ ಬೇಗ ಸಿಗುತ್ತಾಳೆ, 701ನೇ ಆಜ್ಞೆ ಬೇಗ ಸಿಗುವುದಿಲ್ಲ.

ದಕ್ಷಿಣ ಕನ್ನಡ, ಉಡುಪಿ ಕಡೆಯವರಿಗೆ ಈ ಇಕ್ಕಟ್ಟು ಹೊಸದಲ್ಲ. ಮೊದಲ ಗುಡುಗು ಮಳೆಗೆ ಅವರು ಹುಡುಕಿಕೊಂಡು ಹೋಗುವ ಕಲ್ಲಣಬೆ ನೋಡಲು ಸಣ್ಣ ಆಲೂಗಡ್ಡೆಯಂತಿದ್ದು, ಛತ್ರಿಯ ಸುಳಿವೂ ಇಲ್ಲದಿದ್ದರೂ, ಜೀವಶಾಸ್ತ್ರದ ಲೆಕ್ಕದಲ್ಲಿ ಬೊಲೀಟ್‌ಗಳ ಗಣಕ್ಕೇ ಸೇರಿದ್ದು. ಅದೂ ಮರದ ಬೇರಿಗೆ ಕಟ್ಟಿಕೊಂಡು ಬದುಕುವಂಥದ್ದು. ಬೋಗಿಯಂಥ ಮರಗಳಿರುವ ಕಾಡಿನಲ್ಲೇ ಅದನ್ನು ಹುಡುಕಬೇಕು. ಒಳಗೆ ಬೆಳ್ಳಗಿರುವಾಗ ತಿಂದರೆ ರುಚಿ, ಕಪ್ಪಾದರೆ ಬೀಜಕಣ ಬಲಿತಿತೆಂದು ಅರ್ಥ, ಆಗ ಯಾರಿಗೂ ಬೇಡ. ಋತುವಿನ ಆರಂಭದಲ್ಲಿ ಅದಕ್ಕೆ ಬರುವ ಬೆಲೆ ಕೋಳಿಮಾಂಸವನ್ನೂ ಮೀರಿಸುತ್ತದೆ. ಕೊಡಗಿನ ಉಪ್ಪಂಗಳದ ಮಳೆಕಾಡಿನಲ್ಲಿ ಇಂಥ ಅಣಬೆಬೇರಿನ ಜಾತಿಗಳನ್ನು ಪಟ್ಟಿ ಮಾಡಿದ ಸಂಶೋಧಕರ ಲೇಖನ 2005ರಲ್ಲಿ ಪ್ರಕಟವಾಗಿದೆ. ಪಶ್ಚಿಮ ಘಟ್ಟದ ಮರಗಳ ಬುಡದಲ್ಲೂ ಇದೇ ಕೊಡುಕೊಳ್ಳುವಿಕೆ ನಡೆದಿದೆ ಎಂಬುದಕ್ಕೆ ಅದು ಸಾಕ್ಷಿ.

ಅಣಬೆಗಳನ್ನು ರಕ್ಷಿಸಬೇಕೆಂಬ ಯೋಚನೆಯೇ ತೀರಾ ಈಚಿನದು. ಬಹುಕಾಲ ಅವನ್ನು ಸಸ್ಯಗಳ ಜೊತೆ ಕಟ್ಟಿಹಾಕಿದ್ದರು. ಅವು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ಪ್ರತ್ಯೇಕ ಸಾಮ್ರಾಜ್ಯ ಎಂದು ಒಪ್ಪಿದ ಮೇಲೂ ಕಾನೂನಿನ ಪುಸ್ತಕಗಳಲ್ಲಿ ಅವಕ್ಕೆ ಸಾಲು ಸಿಗಲಿಲ್ಲ. 2003ರಲ್ಲಿ ಜಾಗತಿಕ ಕೆಂಪು ಪಟ್ಟಿಯಲ್ಲಿದ್ದ ಶಿಲೀಂಧ್ರಗಳು ಬರೀ ಎರಡು, ಅವೂ ಕಲ್ಲುಹೂವಿನ ಜಾತಿಯವು. ನಿಜವಾದ ಅಣಬೆಯೊಂದು, ಸಿಸಿಲಿ ದ್ವೀಪದ ಬಿಳಿ ಅಣಬೆ, ಪಟ್ಟಿಗೆ ಸೇರಿದ್ದು 2006ರಲ್ಲಿ. 2025ರ ಮಾರ್ಚ್‌ನಲ್ಲಿ ಹೊರಬಿದ್ದ ಲೆಕ್ಕದಲ್ಲಿ 1,300 ಜಾತಿಗಳನ್ನು ಪರಿಶೀಲಿಸಲಾಗಿದ್ದು, ಅವುಗಳಲ್ಲಿ 411 ಅಳಿವಿನ ಭಯದಲ್ಲಿವೆ. ವಿಜ್ಞಾನಿಗಳು ಹೆಸರಿಟ್ಟಿರುವ ಶಿಲೀಂಧ್ರಗಳೇ ಒಂದೂವರೆ ಲಕ್ಷ, ಒಟ್ಟು 25 ಲಕ್ಷ ಜಾತಿಗಳಿರಬಹುದೆಂದು ಅಂದಾಜು. ಪಟ್ಟಿ ಎಷ್ಟು ಚಿಕ್ಕದೆಂಬುದು ಇದರಿಂದಲೇ ತಿಳಿಯುತ್ತದೆ.

ಈ ವಿಷಯದಲ್ಲಿ ಚಿಲಿ ಬೇರೆ ದೇಶಗಳಿಗಿಂತ ಮುಂದೆ ಹೋಯಿತೆಂಬುದನ್ನು ಹೇಳಲೇಬೇಕು. ಅದರ ಹಿಂದೆ ಜೂಲಿಯಾನಾ ಫುರ್ಚಿ ಎಂಬ ಮಹಿಳೆಯ ಹಟವಿದೆ. 1999ರಲ್ಲಿ ಅವರು ದಕ್ಷಿಣದ ಕಾಡಿನಲ್ಲಿ ನರಿಗಳ ಜಾಡು ಹಿಡಿದು ಓಡಾಡುತ್ತಿದ್ದಾಗ ಒಂದು ಅಣಬೆ ಕಣ್ಣಿಗೆ ಬಿತ್ತು. ಅದು ಯಾವುದೆಂದು ತಿಳಿಯಲು ಹೊರಟರೆ ಚಿಲಿಯ ಅಣಬೆಗಳ ಮೇಲೆ ಕೈಪಿಡಿಯೇ ಸಿಗಲಿಲ್ಲ. ಕೊನೆಗೆ ಅವರೇ ಬರೆದರು. 2012ರಲ್ಲಿ ಶಿಲೀಂಧ್ರಗಳಿಗಾಗಿಯೇ ಒಂದು ಪ್ರತಿಷ್ಠಾನ ಕಟ್ಟಿದರು. ಅದಕ್ಕೂ ಮುಂಚೆ 2010ರಲ್ಲಿ ಚಿಲಿಯ ಪರಿಸರ ಕಾನೂನಿಗೆ ತಿದ್ದುಪಡಿ ಬಂದಾಗ ಗಿಡ, ಪ್ರಾಣಿಗಳ ಜೊತೆಗೆ ಶಿಲೀಂಧ್ರಗಳ ಹೆಸರೂ ಸೇರುವಂತೆ ಅವರು ದುಡಿದಿದ್ದರು. ಅಣೆಕಟ್ಟು, ರಸ್ತೆ, ಗಣಿ ಯಾವುದೇ ಬರಲಿ, ಪರಿಸರದ ಮೇಲಾಗುವ ಪರಿಣಾಮವನ್ನು ಅಳೆಯುವಾಗ ಅಲ್ಲಿನ ಅಣಬೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಕಟ್ಟಳೆ ಹೀಗೆ ಬಂತು. ಸಸ್ಯಗಳಿಗೆ ‘ಫ್ಲೋರಾ’, ಪ್ರಾಣಿಗಳಿಗೆ ‘ಫೌನಾ’ ಎಂಬ ಪದಗಳಿರುವಂತೆ ಒಂದು ನಾಡಿನ ಶಿಲೀಂಧ್ರಗಳಿಗೆ ‘ಫಂಗಾ’ ಎನ್ನೋಣ ಎಂದು ಅವರೂ ಸಂಗಡಿಗರೂ 2018ರಲ್ಲಿ ಬರೆದ ಲೇಖನ ಸಾಕಷ್ಟು ಚರ್ಚೆಯಾಯಿತು. ಪದ ಈಗ ಚಲಾವಣೆಗೆ ಬಂದಿದೆ.

ಕಾಗದದ ರಕ್ಷಣೆ ಸಿಕ್ಕಿದ್ದು ಒಳ್ಳೆಯದೇ. ಸ್ವಂತ ಕಾಡುಗಳನ್ನು ಉಳಿಸುವ ಮಸೂದೆ ಮಾತ್ರ ಚಿಲಿಯ ಸಂಸತ್ತಿಗೆ 1992ರಲ್ಲಿ ಬಂದು, ಕಾಯಿದೆಯಾಗಿ ಹೊರಬಂದದ್ದು 2008ರಲ್ಲಿ. ಹದಿನಾರು ವರ್ಷ! ಅಷ್ಟರಲ್ಲಿ ನೆಟ್ಟ ಪೈನ್ ಒಂದು ಬಾರಿ ಕಟಾವಿಗೆ ಬಂದೇಬಿಡುತ್ತದೆ. ಇದರ ಮೇಲೆ 2010ರಿಂದ ಮಧ್ಯ ಚಿಲಿಯನ್ನು ಹಿಡಿದ ದೀರ್ಘ ಬರ. 2017ರ ಜನವರಿಯಲ್ಲಿ ಎದ್ದ ಬೆಂಕಿ 5 ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲವನ್ನು ಸುಟ್ಟು, ಸಾಂತಾ ಓಲ್ಗಾ ಎಂಬ ಊರನ್ನು ಇಡಿಯಾಗಿ ಬೂದಿ ಮಾಡಿತು. 2023ರ ಫೆಬ್ರುವರಿಯಲ್ಲಿ ಬಿಯೊಬಿಯೊ, ಅರೌಕಾನಿಯಾ ಪ್ರಾಂತಗಳಲ್ಲಿ, ಅಂದರೆ ಲೋಯೊ ನಾಡಿನಲ್ಲೇ, ಮತ್ತೆ ಉರಿಯಿತು. ಒತ್ತಾಗಿ ಸಾಲು ಹಿಡಿದು ನಿಂತ ಪೈನ್ ಮತ್ತು ನೀಲಗಿರಿ ತೋಪುಗಳಲ್ಲಿ ಬೆಂಕಿ ಓಡುವ ವೇಗವೇ ಬೇರೆ. ನಡುವೆ ಸಿಕ್ಕಿದ ರೋಬ್ಲೆ ತುಂಡುಗಳೂ ಸುಟ್ಟವು.

ಅಣಬೆ ಪ್ರೇಮಿಗಳು ಎಲ್ಲೆಡೆ ಹೇಳುವ ಒಂದು ಉಪದೇಶವಿದೆ. ಪ್ಲಾಸ್ಟಿಕ್ ಚೀಲ ಬೇಡ, ಹೆಣೆದ ಬುಟ್ಟಿ ಒಯ್ಯಿರಿ. ಬೀಜಕಣಗಳು ಸಂದಿನಿಂದ ಉದುರಿ ಕಾಡಿನಲ್ಲಿ ಬಿತ್ತನೆಯಾಗುತ್ತವೆ ಎಂದು. ಕೇಳಲು ಚೆನ್ನ. ಆದರೆ ದರಗಿನಡಿಯಿಂದ ತೆಗೆದ ಎಳೆಯ ಲೋಯೊದಲ್ಲಿ ಬೀಜಕಣ ಇನ್ನೂ ಬಲಿತಿರುವುದೇ ಇಲ್ಲ. ಉದುರಲು ಏನಿದೆ? ಬುಟ್ಟಿಯಾದರೂ ಅಷ್ಟೆ, ಚೀಲವಾದರೂ ಅಷ್ಟೆ. ಅದಕ್ಕೇ ಚಿಲಿಯಲ್ಲಿ ಈ ಅಣಬೆಯ ಪರವಾಗಿ ಮಾತಾಡುವವರು ಕೇಳುವುದು ಬೇರೆ: ಮುಷ್ಟಿ ಗಾತ್ರದ್ದನ್ನು ಬಿಡಿ, ಅರಳಿದ್ದನ್ನು ಆರಿಸಿ, ಅದರಲ್ಲೂ ಕೆಲವನ್ನು ನಿಂತಲ್ಲೇ ನಿಲ್ಲಲು ಬಿಡಿ, ಎಲೆ ಸರಿಸಿದ್ದರೆ ಮತ್ತೆ ಮುಚ್ಚಿ ಬನ್ನಿ. ಸಂತೆಯಲ್ಲಿ ಬೆಲೆ ಸಿಗುವುದು ಮಾತ್ರ ಇನ್ನೂ ಎಳೆಯದಕ್ಕೇ. ಅರಳಿದ ಲೋಯೊ, ಅಂಚು ಮೇಲೆ ಮಡಿಸಿಕೊಂಡು, ಹುಳ ಕೊರೆದ ಹಳದಿ ತಿರುಳಿನೊಂದಿಗೆ, ಯಾರಿಗೂ ಬೇಡವಾಗಿ ರೋಬ್ಲೆ ಮರದ ಬುಡದಲ್ಲಿ ಕುಳಿತು ತನ್ನ ಕೊಳವೆಗಳಿಂದ ಕಣ್ಣಿಗೆ ಕಾಣದ ಪುಡಿಯನ್ನು ಗಾಳಿಗೆ ಬಿಡುತ್ತಿರುತ್ತದೆ.